ಕಹಿಬೇವು: ಕಾಸರಗೋಡಿನ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೆರ್ಲದ ಹತ್ತಿರ ನಮ್ಮದೊಂದು ಅಡಿಕೆ ತೋಟ. ಬದಿಯಲ್ಲಿ ಸ್ವಲ್ಪ ತೆಂಗು, ಗುಡ್ಡೆಯಲ್ಲಿ ಒಂದಷ್ಟು ಗೇರು. ಅಂಗಳದ ಆಚೆ ಒಂದು ಕಹಿಬೇವಿನ ಮರ ಇದೆ. ಗಟ್ಟದ ಮೇಲಿನವರಿಗೆ ಇದರಲ್ಲೇನು ವಿಶೇಷ ಅನಿಸಬಹುದು. ಆದರೆ ನಮ್ಮ ಈ ಮಳೆಯ ಊರಲ್ಲಿ ದಪ್ಪ ಕಾಂಡದ ಬೇವಿನ ಮರ ಅಪರೂಪ. ಹಾಗಾಗಿ ಎಲೆ ಬೇಕಾದವರು, ಸಸಿ ಬೇಕಾದವರು, ಹಿಂಡಿಯ ವಿಷಯ ಕೇಳುವವರು ಎಲ್ಲ ನಮ್ಮ ಜಗಲಿಗೆ ಬರುತ್ತಾರೆ. ಒಂದೇ ಉತ್ತರವನ್ನು ಎಷ್ಟು ಸಲ ಹೇಳುವುದು? ಅದಕ್ಕೆ ಬರೆದಿಟ್ಟೆ.

ಬೇವು ಅಂದರೆ ಯಾವ ಬೇವು?

ಸುಮ್ನೆ ಕೇಳುವ ಪ್ರಶ್ನೆ ಅಲ್ಲ ಇದು. ನಮ್ಮ ಕಡೆ ಬೇವಿನ ಸೊಪ್ಪು ಅಂದರೆ ಒಗ್ಗರಣೆಗೆ ಹಾಕುವ ಕರಿಬೇವು. ಹವ್ಯಕರ ಮನೆಗಳಲ್ಲಿ ಅದೇ ಬೇನ್ಸೊಪ್ಪು. ಒಮ್ಮೆ ಆಚೆಮನೆಯ ಹುಡುಗ ಬಂದು, "ಮಾವ, ಅಜ್ಜಿ ಬೇವಿನ ಸೊಪ್ಪು ತರ್ಲಿಕ್ಕೆ ಹೇಳಿದ್ದಾರೆ" ಅಂದ. ನಾನು ಫೋನಿನಲ್ಲಿದ್ದೆ, ಮರದ ಕಡೆ ಕೈ ತೋರಿಸಿದೆ. ಅವನು ಒಳ್ಳೆಯ ಎರಡು ಗೆಲ್ಲು ಮುರಿದುಕೊಂಡು ಹೋದ. ಅಜ್ಜಿಗೆ ಕಣ್ಣು ಸ್ವಲ್ಪ ಮಂಜು. ಆ ದಿನದ ಸಾರನ್ನು ಅವರ ಮನೆಯ ದನ ಸಹ ಮುಟ್ಟಲಿಲ್ಲವಂತೆ.

ಹಾಗಾಗಿ ಕೇಳುವಾಗ ಕಹಿಬೇವು ಎಂದೇ ಕೇಳಿ. ಕಾಸರಗೋಡು, ಕಾಞಂಗಾಡಿನ ನರ್ಸರಿಗಳಲ್ಲಿ ಮಲಯಾಳದಲ್ಲಿ "ಆರ್ಯವೇಪ್ಪ್" ಅನ್ನಬೇಕು. ಬರೀ "ವೇಪ್ಪ್" ಎಂದರೆ ಕರಿಬೇವಿನ ಗಿಡ ಕೈಗೆ ಬಂದರೂ ಬಂತು. ಅಂಗಡಿಯಲ್ಲಿ ಬೇವಿನೆಣ್ಣೆಗೆ "ವೇಪ್ಪೆಣ್ಣ", ಬೇವಿನ ಹಿಂಡಿಗೆ "ವೇಪ್ಪಿನ್ ಪಿಣ್ಣಾಕ್ಕ್". ಚೀಲದ ಮೇಲೆ ಹೆಚ್ಚಾಗಿ ಮಲಯಾಳದಲ್ಲೇ ಬರೆದಿರುತ್ತದೆ. ಓದಲು ಬಾರದ ಹಿರಿಯರು ಈ ಮೂರು ಹೆಸರು ಬಾಯಲ್ಲಿಟ್ಟುಕೊಂಡರೆ ಸಾಕು.

ಹೆಬ್ಬೇವು, ಹುಚ್ಚುಬೇವು, ಕಹಿಬೇವು ಎಲ್ಲ ಒಂದೇ ಅಲ್ವಾ?

ಅಲ್ಲ. ಮೂರೂ ಒಂದೇ ಕುಟುಂಬದವು, ಮಹಾಗನಿ ಸಹ ಅದೇ ಕುಟುಂಬ. ಆದರೆ ಕೆಲಸ ಬೇರೆ. ಹೆಬ್ಬೇವು ಪ್ಲೈವುಡ್ಡಿಗೆ ಹೋಗುವ ಮರ, ಬೇಗ ಬೆಳೆಯುತ್ತದೆ. ಹುಚ್ಚುಬೇವಿನ ಹೂವು ನೇರಳೆ ಬಣ್ಣ, ನೋಡಲು ಚಂದ, ಆದರೆ ಅದರ ಹಣ್ಣು ವಿಷ. ಮಕ್ಕಳಿರುವ ಮನೆಗೆ ಬೇಡ.

ಎಲೆ ನೋಡಿದರೆ ಗೊತ್ತಾಗುತ್ತದೆ. ಕಹಿಬೇವಿನಲ್ಲಿ ಒಂದು ನಡು ಕಡ್ಡಿ, ಅದರ ಎರಡೂ ಬದಿಯಲ್ಲಿ ನೇರವಾಗಿ ಎಲೆ. ಪ್ರತಿ ಎಲೆಯೂ ಕತ್ತಿಯ ಹಾಗೆ ಸ್ವಲ್ಪ ಬಾಗಿ, ಅಂಚು ಗರಗಸದ ಹಾಗೆ. ಉಳಿದೆರಡರಲ್ಲಿ ನಡು ಕಡ್ಡಿಯಿಂದ ಮತ್ತೆ ಕವಲು ಕಡ್ಡಿ, ಅದರಲ್ಲಿ ಎಲೆ. ನನಗೆ ಇದು ಗೊತ್ತಿಲ್ಲದ ಕಾಲದಲ್ಲಿ ಒಬ್ಬರು ಕಹಿಬೇವು ಎಂದು ಆರು ಹೆಬ್ಬೇವಿನ ಸಸಿ ಕೊಟ್ಟು ಕಳಿಸಿದ್ದರು. ಎರಡೇ ವರ್ಷದಲ್ಲಿ ಮನೆಯ ಮಾಡಿಗಿಂತ ಎತ್ತರ ಹೋದವು. "ನಮ್ಮ ಮಣ್ಣು ಎಷ್ಟು ಒಳ್ಳೆಯದು ನೋಡಿ" ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಕಹಿಬೇವು ಎರಡು ವರ್ಷಕ್ಕೆ ಹಾಗೆಲ್ಲ ಏರುವುದಿಲ್ಲ.

ನಮ್ಮ ಮಳೆಗೆ ಬೇವು ಬದುಕುತ್ತದಾ?

ಬದುಕುತ್ತದೆ, ಆದರೆ ಖುಷಿಯಲ್ಲಿ ಅಲ್ಲ. ಬೇವು ಒಣ ಸೀಮೆಯ ಮರ. ವರ್ಷಕ್ಕೆ 400ರಿಂದ 1200 ಮಿಲಿಮೀಟರ್ ಮಳೆಯಿದ್ದರೆ ಅದಕ್ಕೆ ಹಬ್ಬ. ನಮ್ಮ ಜಿಲ್ಲೆಯಲ್ಲಿ ಬೀಳುವುದು ಸುಮಾರು 3500. ಅದರಲ್ಲೂ ಹೆಚ್ಚಿನದು ಜೂನ್, ಜುಲೈ, ಆಗಸ್ಟ್ ಮೂರೇ ತಿಂಗಳಲ್ಲಿ. ಬೇವಿಗೆ ಬಿಸಿಲು, ಬರ, ಕಲ್ಲು, ಉಪ್ಪು ಯಾವುದೂ ಸಮಸ್ಯೆ ಅಲ್ಲ. ಬುಡದಲ್ಲಿ ನೀರು ನಿಲ್ಲುವುದೊಂದೇ ಅದಕ್ಕೆ ಆಗದ್ದು.

ಹಾಗಾಗಿ ಜಾಗ ಮುಖ್ಯ. ಗುಡ್ಡೆಯ ಇಳಿಜಾರು ಆಗುತ್ತದೆ. ಕುಂಬಳೆ, ಮಂಜೇಶ್ವರದ ಕಡಲ ಬದಿಯ ಮರಳು ಮಣ್ಣಾದರೆ ಇನ್ನೂ ಒಳ್ಳೆಯದು, ನೀರು ಕೂಡಲೇ ಇಳಿದುಹೋಗುತ್ತದೆ. ಬೈಲಿನ ಗದ್ದೆಯ ಅಂಚು, ಅಡಿಕೆ ತೋಟದ ಒಳಗೆ, ತೋಡಿನ ಬದಿ ಇವು ಬೇಡ. ಮುರಕಲ್ಲಿನ ಪಾರೆಯ ಮೇಲೆ ಒಂದೂವರೆ ಅಡಿ ಗುಂಡಿ ತೋಡಿ ನೆಟ್ಟರೆ ಆ ಗುಂಡಿ ಮಳೆಗಾಲದಲ್ಲಿ ಬಾನಿಯ ಹಾಗೆ ನೀರು ಹಿಡಿದುಕೊಂಡು ಕೂರುತ್ತದೆ. ಅಲ್ಲಿ ನೆಡುವುದಾದರೆ ಕೆಳಗಿನ ಬದಿಗೆ ಒಂದು ಕಣಿ ಕಡಿದು ನೀರು ಹೋಗಲು ದಾರಿ ಮಾಡಲೇಬೇಕು.

ನನ್ನ ಮೊದಲ ಮರ ಸತ್ತದ್ದು ಹೀಗೆ. ತೋಟದ ಮೇಲಿನ ಕಟ್ಟೆಯ ಬದಿ, ಕೈಗೆ ನೀರು ಸಿಗುವಲ್ಲಿ, ಪ್ರೀತಿಯಿಂದ ನೆಟ್ಟಿದ್ದೆ. ಬೇಸಿಗೆಯಲ್ಲಿ ದಿನಾ ನೀರು. ಮೂರು ವರ್ಷ ನಿಂತಿತು. ನಾಲ್ಕನೆಯ ವರ್ಷದ ಆಟಿಯಲ್ಲಿ, ಅಂದರೆ ಜೋರು ಮಳೆಯ ತಿಂಗಳಲ್ಲಿ, ಎಲೆ ಹಳದಿಯಾಗಿ ಉದುರಿತು. ಹಿಡಿದು ಎಳೆದರೆ ಕೊಳೆತ ಬೇರಿನ ವಾಸನೆ ಬಂತು. ಈಗಿರುವ ಮರ ಗುಡ್ಡೆಯದ್ದು. ಎರಡು ಬೇಸಿಗೆ ಬಿಟ್ಟರೆ ಅದಕ್ಕೆ ನಾನು ಏನೂ ಮಾಡಿಲ್ಲ.

ಯಾವಾಗ ನೆಡಬೇಕು?

ಎಲ್ಲ ಗಿಡದ ಹಾಗೆ ಜೂನ್ ತಿಂಗಳಲ್ಲಿ ನೆಟ್ಟರೆ ಎಳೆ ಸಸಿ ಜುಲೈಯ ನೀರಿಗೆ ಕೊಳೆಯುತ್ತದೆ. ಜೋರು ಮಳೆ ಮುಗಿದ ಮೇಲೆ, ಸೆಪ್ಟೆಂಬರಿನಲ್ಲಿ ನೆಡಿ ಎಂದು ನಾನು ಹೇಳುತ್ತೇನೆ. ಅಕ್ಟೋಬರ್-ನವೆಂಬರಿನ ತುಲಾ ಮಾಸದ ಗುಡುಗು ಮಳೆಗೆ ಬೇರು ಹಿಡಿಯುತ್ತದೆ. ನಂತರ ಎರಡು ಬೇಸಿಗೆ ವಾರಕ್ಕೊಮ್ಮೆ ನೀರು ಕೊಡಿ, ಆಮೇಲೆ ಮರೆತುಬಿಡಿ. ಬುಡ ನೆಲಕ್ಕಿಂತ ಅರ್ಧ ಅಡಿ ಎತ್ತರದಲ್ಲಿರಲಿ, ಸುತ್ತ ಮಣ್ಣು ಏರಿಸಿ. ಗುಂಡಿಗೆ ಒಂದು ಬುಟ್ಟಿ ಹಟ್ಟಿಗೊಬ್ಬರ ಸಾಕು. ಮನೆಯ ಗೋಡೆಯಿಂದ 15-20 ಅಡಿ ದೂರ ಇರಲಿ. ನೆರಳಲ್ಲಿ ನೆಡಬೇಡಿ. ಬಿಸಿಲು ಇಲ್ಲದ ಬೇವು ಸಪೂರವಾಗಿ ಉದ್ದ ಹೋಗುತ್ತದೆ, ಗಾಳಿಗೆ ಮಲಗುತ್ತದೆ.

ಬೀಜದಿಂದ ಸಸಿ ಮಾಡಿದೆ, ಒಂದೂ ಮೊಳೆಯಲಿಲ್ಲ. ಯಾಕೆ?

ಬೀಜ ಹಳೆಯದಾಗಿರಬೇಕು. ಬೇವಿನ ಬೀಜಕ್ಕೆ ಆಯುಸ್ಸು ಕಡಿಮೆ. ಹಣ್ಣು ಬಿದ್ದು ಎರಡು ಮೂರು ವಾರದೊಳಗೆ ಹಾಕಿದರೆ ಚೆನ್ನಾಗಿ ಮೊಳೆಯುತ್ತದೆ. ಕೆಲವು ತಿಂಗಳು ಡಬ್ಬಿಯಲ್ಲಿಟ್ಟರೆ ಸೊನ್ನೆ. ಪೇಟೆಯಲ್ಲಿ ಪ್ಯಾಕೆಟಿನಲ್ಲಿ ಸಿಗುವ ಬೀಜ ಬಿತ್ತಲಿಕ್ಕೆ ಆಗುವುದಿಲ್ಲ.

ಹಳದಿಯಾದ ಹಣ್ಣು ಹೆಕ್ಕಿ, ತಿರುಳು ತೊಳೆದು, ಒಂದೆರಡು ದಿನ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಬೇಡಿ. ತೊಟ್ಟೆಯಲ್ಲಿ ಮರಳು, ಮಣ್ಣು, ಗೊಬ್ಬರ ಸೇರಿಸಿ, ಬೀಜವನ್ನು ಅಡ್ಡ ಮಲಗಿಸಿ ಒಂದು ಬೆರಳಿನ ಅರ್ಧ ಗೆಣ್ಣಿನಷ್ಟು ಆಳದಲ್ಲಿ ಇಡಿ. ಒಂದರಿಂದ ಮೂರು ವಾರದಲ್ಲಿ ಮೇಲೆ ಬರುತ್ತದೆ. ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. ಹಣ್ಣಾಗುವ ಸಮಯವೂ ಮಳೆಯ ಸಮಯವೂ ಒಂದೇ. ಕಾಗೆ, ಬಾವಲಿ ತಿಂದು ಉಳಿದದ್ದು ಕೆಸರಿಗೆ ಬಿದ್ದು ಕೊಳೆಯುತ್ತದೆ. ತೊಟ್ಟೆಯನ್ನು ಮಾಡಿನಡಿಯಲ್ಲಿ ಇಡಿ.

ಎಷ್ಟು ವರ್ಷಕ್ಕೆ ಕಾಯಿ? ಎಣ್ಣೆ ನಾವೇ ತೆಗೆಯಬಹುದಾ?

ಮೂರರಿಂದ ಐದು ವರ್ಷಕ್ಕೆ ಕಾಯಿ ಶುರು, ಹತ್ತು ವರ್ಷಕ್ಕೆ ಪೂರಾ ಫಸಲು. ಒಣ ಸೀಮೆಯ ಒಳ್ಳೆಯ ಮರ ವರ್ಷಕ್ಕೆ 30ರಿಂದ 50 ಕಿಲೋ ಹಣ್ಣು ಕೊಡುತ್ತದೆ. ನಮ್ಮ ಮರ ಅದರ ಹತ್ತಿರವೂ ಬರುವುದಿಲ್ಲ. ಎಣ್ಣೆ ತೆಗೆಯುವ ಆಸೆ ಬಿಡಿ. ಎಣ್ಣೆಯೂ ಹಿಂಡಿಯೂ ಗಟ್ಟದ ಮೇಲಿನಿಂದ, ತಮಿಳುನಾಡಿನಿಂದ ಬರುವುದು ಬರಲಿ. ನಮಗೆ ಮನೆಗೊಂದು ಮರ ಸಾಕು, ತೋಟಕ್ಕೆ ಬೇಕಾದ್ದು ಹಿಂಡಿ.

ತೆಂಗಿನ ಕುರುವಾಯಿಗೆ ಬೇವಿನ ಹಿಂಡಿ ನಿಜವಾಗಿ ಕೆಲಸ ಮಾಡುತ್ತದಾ?

ಮಾಡುತ್ತದೆ, ಸರಿಯಾದ ಜಾಗಕ್ಕೆ ಹಾಕಿದರೆ. ಬುಡಕ್ಕೆ ಹಾಕಿ "ಕುರುವಾಯಿ ಹೋಗಲಿಲ್ಲ" ಅನ್ನುವವರು ಬಹಳ ಜನ. ಬುಡಕ್ಕೆ ಹಾಕಿದ್ದು ಗೊಬ್ಬರ ಆಗುತ್ತದೆ, ಸುಳಿ ಕೊರೆಯುವ ದುಂಬಿಗೆ ಅದರಿಂದ ಏನು?

ಕಾಸರಗೋಡಿನಲ್ಲೇ ಇರುವ ಸಿಪಿಸಿಆರ್‌ಐ, ಅಂದರೆ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ, ಹೇಳುವ ಕ್ರಮ ಹೀಗೆ. 250 ಗ್ರಾಂ ಪುಡಿ ಹಿಂಡಿ, ಅಷ್ಟೇ ಪ್ರಮಾಣದ ಮರಳು, ಎರಡನ್ನೂ ಬೆರೆಸಿ ಸುಳಿಯ ಸುತ್ತಲಿನ ಮೂರು ಎಳೆ ಹೆಡೆಗಳ ಸಂದಿನಲ್ಲಿ ತುಂಬಬೇಕು. ವರ್ಷಕ್ಕೆ ಮೂರು ಸಲ: ಮೇ, ಸೆಪ್ಟೆಂಬರ್, ಡಿಸೆಂಬರ್. ದುಂಬಿ ಇಳಿಯುವುದು ಆ ಸಂದಿಗೇ. ಹಿಂಡಿಯ ವಾಸನೆ ಅದಕ್ಕೆ ಆಗುವುದಿಲ್ಲ, ಮರಳು ಅದರ ಮೈಯ ಸಂದುಗಳಿಗೆ ಹೊಕ್ಕು ಕಿರಿಕಿರಿ ಮಾಡುತ್ತದೆ.

ಕಷ್ಟ ಇರುವುದು ಮರ ಹತ್ತುವವರನ್ನು ಹುಡುಕುವುದರಲ್ಲಿ. ನಾನು ಕಾಯಿ ಕೊಯ್ಯುವ ದಿನವೇ ಇದನ್ನೂ ಮಾಡಿಸುತ್ತೇನೆ. ಹಳೆಯ ಸೀರೆಯ ತುಂಡಿನಲ್ಲಿ ಮರಕ್ಕೊಂದರಂತೆ ಗಂಟು ಕಟ್ಟಿಟ್ಟರೆ ಹತ್ತುವವನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾನೆ. ಮೇಲಿಂದ ಬಿಚ್ಚಿ ಸುರಿದರೆ ಆಯಿತು. ಮೊದಲು ಬಕೆಟಿನಲ್ಲಿ ಕೊಟ್ಟಿದ್ದೆ. ಅರ್ಧ ನನ್ನ ತಲೆಗೆ ಬಿತ್ತು.

ಇದರ ಜೊತೆ ಗೊಬ್ಬರ ಗುಂಡಿಯನ್ನೂ ನೋಡಿಕೊಳ್ಳಿ. ಕುರುವಾಯಿಯ ಮರಿ ಬೆಳೆಯುವುದು ಅಲ್ಲಿ. ಗುಂಡಿ ತುಂಬ ಬಿಳಿ ಹುಳ ಇಟ್ಟುಕೊಂಡು ಮರದ ಮೇಲೆ ಹಿಂಡಿ ಹಾಕಿದರೆ ಏನು ಪ್ರಯೋಜನ?

ತೆಂಗಿನ ನುಸಿಗೆ ಬೇವಿನೆಣ್ಣೆ ಹೇಗೆ ಮಾಡುವುದು?

ಈ ನುಸಿ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1998ರಲ್ಲಿ, ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ. ಮಿಡಿಯ ತೊಟ್ಟಿನ ಟೊಪ್ಪಿಯ ಅಡಿಯಲ್ಲಿ ಕೂತು ರಸ ಹೀರುತ್ತದೆ. ಕಾಯಿ ದೊಡ್ಡದಾದಾಗ ಸಿಪ್ಪೆ ಒಡೆದು, ಕಂದು ಗಾಯ ಆಗಿ, ಕಾಯಿ ಗಿಡ್ಡ ಆಗುತ್ತದೆ.

ಹತ್ತು ಲೀಟರಿಗೆ ಲೆಕ್ಕ: ಬೇವಿನೆಣ್ಣೆ 200 ಮಿಲಿ, ಬೆಳ್ಳುಳ್ಳಿ 200 ಗ್ರಾಂ, ಸಾಧಾರಣ ಬಾರ್ ಸೋಪು 50 ಗ್ರಾಂ. ಲೆಕ್ಕ ಎಲ್ಲರಿಗೂ ಗೊತ್ತು, ಕೆಡುವುದು ಬೆರೆಸುವಾಗ. ಸೋಪನ್ನು ತುರಿದು ಅರ್ಧ ಲೀಟರ್ ಬಿಸಿನೀರಲ್ಲಿ ಪೂರಾ ಕರಗಿಸಿ. ಅದಕ್ಕೆ ಎಣ್ಣೆಯನ್ನು ಸಪೂರ ಧಾರೆಯಾಗಿ ಬಿಡುತ್ತಾ ಒಂದು ಕೈಯಲ್ಲಿ ಕಡೆಯುತ್ತಾ ಇರಿ. ಸ್ವಲ್ಪ ಹೊತ್ತಿಗೆ ಹಳದಿ ಬಣ್ಣ ಹೋಗಿ ಗಟ್ಟಿ ಹಾಲಿನ ಹಾಗೆ ಬಿಳಿ ಆಗುತ್ತದೆ. ಆಮೇಲೆ ಬೆಳ್ಳುಳ್ಳಿ ಅರೆದು, ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಸೇರಿಸಿ. ಕೊನೆಗೆ ನೀರು ಹಾಕಿ ಹತ್ತು ಲೀಟರ್ ಮಾಡಿ. ಒಂದು ಗ್ಲಾಸಿನಲ್ಲಿ ತೆಗೆದು ಐದು ನಿಮಿಷ ಇಡಿ. ಮೇಲೆ ಎಣ್ಣೆಯ ಪದರ ತೇಲಿದರೆ ಅದು ಆಗಲಿಲ್ಲ, ಸೋಪು ಜಾಸ್ತಿ ಹಾಕಿ ಮತ್ತೆ ಕಡೆಯಿರಿ. ನಾನು ಒಮ್ಮೆ ಎಣ್ಣೆಯನ್ನು ನೇರ ನೀರಿಗೆ ಸುರಿದು ಅಲಸಂಡೆ ಸಾಲಿಗೆ ಬಿಟ್ಟೆ. ಸ್ಪ್ರೇಯರಿನಿಂದ ಮೊದಲು ಬರೀ ನೀರು ಬಂತು, ಕೊನೆಗೆ ಬರೀ ಎಣ್ಣೆ. ಕೊನೆಯ ಎರಡು ಸಾಲು ಬಾಣಲೆಯಲ್ಲಿ ಹುರಿದ ಹಾಗೆ ಆಯಿತು.

ಡಿಸೆಂಬರಿನ ಬೆಳಿಗ್ಗೆ ಎಣ್ಣೆ ಹೆಪ್ಪುಗಟ್ಟಿದ್ದರೆ ಗಾಬರಿ ಬೇಡ. ತೆಂಗಿನೆಣ್ಣೆಯ ಹಾಗೆಯೇ, ಬಾಟಲಿಯನ್ನು ಬಿಸಿನೀರಲ್ಲಿಟ್ಟರೆ ಕರಗುತ್ತದೆ.

ಬಿಡಬೇಕಾದ್ದು ಎಳೆಯ ಗೊನೆಗಳಿಗೆ, ಐದು ತಿಂಗಳವರೆಗಿನ ಮಿಡಿಗಳಿಗೆ. ಬೆಳೆದ ಕಾಯಿಗೆ ಬಿಟ್ಟು ಫಲ ಇಲ್ಲ. ಡಿಸೆಂಬರಿನಿಂದ ಫೆಬ್ರವರಿಯೊಳಗೆ ಒಮ್ಮೆ, ಏಪ್ರಿಲಿನಿಂದ ಜೂನಿನೊಳಗೆ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಒಮ್ಮೆ. ಸಂಜೆ ಹೊತ್ತು ಬಿಡಿ. ಬೇವಿನ ಅಸಲು ಶಕ್ತಿ ಅಜಾಡಿರಾಕ್ಟಿನ್ ಎಂಬ ಅಂಶದಲ್ಲಿದೆ, ಅದು ಬಿಸಿಲಿಗೆ ಬೇಗ ಹಾಳಾಗುತ್ತದೆ. ಮಾಡಿಟ್ಟ ಮದ್ದನ್ನು ನಾಳೆಗೆ ಉಳಿಸಬೇಡಿ.

ಬೇವು ಬಿಟ್ಟೆ, ಹುಳ ಸಾಯಲಿಲ್ಲ. ಮೋಸ ಅಲ್ವಾ?

ಮೋಸ ಅಲ್ಲ, ಅದರ ಕ್ರಮವೇ ಹಾಗೆ. ರಾಸಾಯನಿಕ ಬಿಟ್ಟ ಹಾಗೆ ಹುಳ ಕೂಡಲೇ ಕೆಳಗೆ ಬೀಳುವುದಿಲ್ಲ. ಬೇವು ಬಿದ್ದ ಎಲೆಯನ್ನು ಹುಳ ತಿನ್ನುವುದು ಬಿಡುತ್ತದೆ. ತಿಂದ ಮರಿ ಪೊರೆ ಕಳಚಲಾರದೆ ನಿಧಾನಕ್ಕೆ ಸಾಯುತ್ತದೆ. ಮೊಟ್ಟೆ ಇಡುವುದೂ ಕಡಿಮೆಯಾಗುತ್ತದೆ. 1959ರಲ್ಲಿ ಸುಡಾನಿನಲ್ಲಿ ಹೈನ್ರಿಕ್ ಶ್ಮುಟ್ಟರರ್ ಎಂಬ ಜರ್ಮನ್ ಕೀಟತಜ್ಞ ಮಿಡತೆಯ ದಂಡು ಬಂದು ಸುತ್ತಲಿನ ಹಸುರನ್ನೆಲ್ಲ ಬೋಳಿಸಿದ್ದನ್ನು ಕಂಡರು. ಬೇವಿನ ಮರಗಳು ಮಾತ್ರ ಹಸುರಾಗಿ ಉಳಿದಿದ್ದವು. ಮಿಡತೆ ಅದರ ಮೇಲೆ ಕೂತಿತ್ತು, ತಿನ್ನಲಿಲ್ಲ. ಪಾಶ್ಚಾತ್ಯ ವಿಜ್ಞಾನ ಬೇವಿನ ಹಿಂದೆ ಬಿದ್ದದ್ದು ಅಲ್ಲಿಂದ.

ಹಾಗಾಗಿ ಹುಳ ಬರುವ ಮೊದಲು, ಅಥವಾ ಬಂದ ಕೂಡಲೇ ಬಿಡಬೇಕು. ಗಿಡ ಅರ್ಧ ಖಾಲಿ ಆದ ಮೇಲೆ ಬಿಟ್ಟು ಬೇವಿಗೆ ಬಯ್ಯಬೇಡಿ.

ಅಡಿಕೆಯ ಕೊಳೆರೋಗಕ್ಕೆ ಬೇವಿನೆಣ್ಣೆ ಬಿಡಬಹುದಾ?

ಬೇಡ. ಕೊಳೆರೋಗ, ಮಲಯಾಳದವರ ಮಹಾಳಿ, ಹುಳದಿಂದ ಬರುವುದಲ್ಲ. ಅದಕ್ಕೆ ಮೈಲುತುತ್ತು, ಸುಣ್ಣದ ಶೇಕಡ 1ರ ಬೋರ್ಡೋ ದ್ರಾವಣವೇ. ಮಳೆಗೆ ಮೊದಲು ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ. ಪೂರಾ ಬೇವಿನಲ್ಲೇ ನಡೆಸುತ್ತೇನೆ ಎಂದು ಹಠ ಹಿಡಿದು ಫಸಲನ್ನೆಲ್ಲ ಅಂಗಳದ ಬದಲು ತೋಟದ ನೆಲದಲ್ಲಿ ನೋಡಿದವರು ನಮ್ಮ ಬೈಲಲ್ಲೇ ಇದ್ದಾರೆ.

ಕರಿಮೆಣಸಿನ ಬುಡಕ್ಕೆ?

ಹಿಂಡಿ ಒಳ್ಳೆಯದು. ಬೇರಿಗೆ ಗಂಟು ಕಟ್ಟಿಸುವ ಸಣ್ಣ ಜಂತುಗಳನ್ನು ತಡೆಯುತ್ತದೆ. ಟ್ರೈಕೋಡರ್ಮಾ ಎಂಬ ಉಪಕಾರಿ ಫಂಗಸ್ಸಿನ ಜೊತೆ ಸೇರಿದರೆ ಇನ್ನೂ ಒಳ್ಳೆಯದು. 90 ಕಿಲೋ ಒಣ ಹಟ್ಟಿಗೊಬ್ಬರಕ್ಕೆ 10 ಕಿಲೋ ಬೇವಿನ ಹಿಂಡಿ, ಒಂದೆರಡು ಕಿಲೋ ಟ್ರೈಕೋಡರ್ಮಾ. ಹಿಡಿದರೆ ಉಂಡೆ ಆಗುವಷ್ಟು ಮಾತ್ರ ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ಮುಚ್ಚಿ ಎರಡು ವಾರ ಇಡಿ. ನಡುವೆ ಒಮ್ಮೆ ಮಗುಚಿ. ಮೇಲೆ ಹಸುರು ಬೂಷ್ಟು ಕಂಡರೆ ಹೆದರಿ ಎಸೆಯಬೇಡಿ, ನಮಗೆ ಬೇಕಾದ್ದು ಅದೇ. ಬೋರ್ಡೋ ಬಿಟ್ಟ ಬುಡಕ್ಕೆ ಕೂಡಲೇ ಇದನ್ನು ಹಾಕಬೇಡಿ, ಮೈಲುತುತ್ತು ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ.

ಹಿಂಡಿ ಅಸಲೋ ನಕಲಿಯೋ ಹೇಗೆ ತಿಳಿಯುವುದು?

ಮೂಗು, ನಾಲಿಗೆ, ಒಂದು ಗ್ಲಾಸ್ ನೀರು. ಒಳ್ಳೆಯ ಹಿಂಡಿಗೆ ಬೆಳ್ಳುಳ್ಳಿ ಕೆಟ್ಟ ಹಾಗಿನ ಗಾಟು ಇರುತ್ತದೆ. ಚಿಟಿಕೆ ನಾಲಿಗೆಗೆ ಮುಟ್ಟಿಸಿ ಉಗಿದರೂ ಕಹಿ ಊಟದ ಹೊತ್ತಿನವರೆಗೆ ಹೋಗಬಾರದು. ನೀರಿಗೆ ಹಾಕಿ ಕದಡಿ ಬಿಟ್ಟರೆ ಮಣ್ಣು, ಮರಳು ಕೂಡಲೇ ತಳಕ್ಕೆ ಇಳಿಯುತ್ತದೆ. ಒಮ್ಮೆ ನಾನು ತಂದ ಚೀಲದಲ್ಲಿ ಕಾಲುಭಾಗ ಕೆಂಪು ಮಣ್ಣು. ನಮ್ಮ ಮಣ್ಣನ್ನು ನಮಗೇ ಮಾರಿದ್ದರು. ಬಹಳ ಕಡಿಮೆ ಬೆಲೆಗೆ ಸಿಕ್ಕರೆ ಅನುಮಾನ ಪಡಿ. ಪಂಚಾಯತಿನ ಕೃಷಿಭವನದಲ್ಲಿ ಒಮ್ಮೆ ವಿಚಾರಿಸಿ ತೆಗೆದುಕೊಳ್ಳುವುದು ಒಳ್ಳೆಯದು.

ಗೇರು ತೋಟದ ಬದಿ ಬೇವು ನೆಟ್ಟರೆ ಟೀ ಸೊಳ್ಳೆ ಬರುವುದಿಲ್ಲವಂತೆ, ನಿಜವಾ?

ಈ ಮಾತು ಯಾರು ಹಬ್ಬಿಸಿದರೋ. ಉಲ್ಟಾ. ಗೇರಿನ ಚಿಗುರು ಸುಡುವ ಟೀ ಸೊಳ್ಳೆ ಬೇವಿನ ಚಿಗುರನ್ನೂ ಹೀರುತ್ತದೆ. ಮಿಡತೆಯ ದಂಡು ಮುಟ್ಟದ ಮರವನ್ನು ಈ ಸಣ್ಣ ಕೀಟ ಬಿಡುವುದಿಲ್ಲ. ಪೇರಳೆ, ಕೊಕ್ಕೊ ಅದಕ್ಕೆ ಇಷ್ಟ, ಬೇವೂ ಇಷ್ಟ. ಗಟ್ಟದ ಮೇಲೆ, ತೆಲಂಗಾಣದಲ್ಲಿ ಬೇವಿನ ಮರಗಳ ತುದಿ ಬೆಂಕಿ ತಾಗಿದ ಹಾಗೆ ಒಣಗುವುದನ್ನು ನೋಡಿರಬಹುದು. ಅದರಲ್ಲಿ ಒಂದು ಪಾಲು ಈ ಸೊಳ್ಳೆಯದು, ಇನ್ನೊಂದು ಪಾಲು ಫೋಮೊಪ್ಸಿಸ್ ಎಂಬ ಫಂಗಸ್ಸಿನದು. ದೊಡ್ಡ ಮರ ಹೆಚ್ಚಾಗಿ ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ, ಕಡಿದು ಹಾಕುವ ಅವಸರ ಬೇಡ. ಒಣಗಿದ ತುದಿ ಕತ್ತರಿಸಿ ಸುಡಿ.

ಈ ಕೀಟದ ಹೆಸರು ನಮ್ಮ ಎಣ್ಮಕಜೆ, ಮುಳಿಯಾರಿನ ಕಡೆ ಸುಮ್ಮನೆ ಹೇಳುವ ಹೆಸರಲ್ಲ. ಇದನ್ನು ಓಡಿಸಲಿಕ್ಕೆ ಅಂತಲೇ ಸರಕಾರಿ ಗೇರು ತೋಟಗಳ ಮೇಲೆ 2000ದವರೆಗೆ, ಇಪ್ಪತ್ತು ವರ್ಷಕ್ಕೂ ಜಾಸ್ತಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು. ಕೆಳಗೆ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು ಕುಡಿಯುವ ಮನೆಗಳಿದ್ದವು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಲ್ಲಿಸಿತು. ಅದರ ಕಷ್ಟ ಇನ್ನೂ ಮುಗಿಯದ ಮನೆಗಳು ನಮ್ಮ ಸುತ್ತ ಇವೆ. ಈಗ "ಬೇವು ಇದೆಯಲ್ಲ, ಅದನ್ನೇ ಬಿಡಿ" ಎಂದು ಸುಲಭವಾಗಿ ಹೇಳುತ್ತಾರೆ. ಬಿಡಬಹುದು, ನಾನೂ ಬಿಡುತ್ತೇನೆ. ಚಿಗುರು ಬರುವಾಗ ಒಮ್ಮೆ, ಹೂ ಕಟ್ಟುವ ಮೊದಲು ಒಮ್ಮೆ. ಸೊಳ್ಳೆ ಕಡಿಮೆ ಇದ್ದ ವರ್ಷ ತಡೆಯುತ್ತದೆ, ಜೋರಾಗಿ ಬಂದ ವರ್ಷ ಇದೊಂದೇ ಸಾಲದು. ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ, ನಮ್ಮ ಚಗಳಿ, ಇರುವ ಗೇರು ಮರದಲ್ಲಿ ಈ ಕಾಟ ಕಡಿಮೆ. ಗೇರುಬೀಜ ಹೆಕ್ಕುವಾಗ ಕಚ್ಚುತ್ತದೆ ಎಂದು ಆ ಗೂಡುಗಳಿಗೆ ಬೆಂಕಿ ಇಡುತ್ತೇವಲ್ಲ, ಅದನ್ನು ಬಿಟ್ಟರೂ ಅರ್ಧ ಉಪಕಾರ.

ಬೇವು ಸಾವಯವ, ಯಾರಿಗೂ ತೊಂದರೆ ಇಲ್ಲ ಅಲ್ವಾ?

ಮೀನಿಗೆ ಇದೆ. ಸ್ಪ್ರೇಯರನ್ನು ತೋಡಿನಲ್ಲಿ, ಕೆರೆಯಲ್ಲಿ, ಸುರಂಗದ ಬಾಯಲ್ಲಿ ತೊಳೆಯಬೇಡಿ. ಜೇನಿಗೆ ಬೇರೆ ಮದ್ದುಗಳಷ್ಟು ಅಪಾಯ ಇಲ್ಲ, ಆದರೂ ಹೂ ಅರಳಿದಾಗ ಹಗಲು ಹೊತ್ತು ಬಿಡಬೇಡಿ.

ಚಿಕ್ಕ ಮಕ್ಕಳಿಗೆ ಬೇವಿನೆಣ್ಣೆ ಕುಡಿಸಬಹುದಾ? ದೊಡ್ಡವರಿಗೆ?

ಮಕ್ಕಳಿಗೆ ಕುಡಿಸಲೇಬಾರದು. ಜಂತುವಿಗೆ, ಶೀತಕ್ಕೆ ಎಂದು ಹಳಬರು ಒಂದು ಚಮಚ ಹಾಕುತ್ತಿದ್ದರು. ಹಾಗೆ ಕುಡಿದ ಎಳೆ ಮಕ್ಕಳಿಗೆ ವಾಂತಿ, ಫಿಟ್ಸ್ ಬಂದು ಲಿವರು, ಮಿದುಳಿಗೆ ಪೆಟ್ಟಾದದ್ದು, ಜೀವ ಹೋದದ್ದು ವೈದ್ಯರ ದಾಖಲೆಗಳಲ್ಲಿದೆ. ತಪ್ಪಿ ಕುಡಿದರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸ್ಪ್ರೇಗೆ ತಂದ ಎಣ್ಣೆಯನ್ನು ಅಡುಗೆ ಕೋಣೆಯಲ್ಲಿ ಇಡಬೇಡಿ. ಬಸುರಿಯರಿಗೂ ಬೇಡ.

ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಬೇವಿನ ರಸ ಕುಡಿಯುವವರು ಇದ್ದಾರೆ. ಮಾತ್ರೆಯೂ ರಸವೂ ಸೇರಿ ಸಕ್ಕರೆ ತೀರಾ ಇಳಿದು ತಲೆ ಸುತ್ತಬಹುದು. ಡಾಕ್ಟರಿಗೆ ಹೇಳದೆ ಶುರುಮಾಡಬೇಡಿ, ಮಾತ್ರೆಯನ್ನಂತೂ ಬಿಡಬೇಡಿ.

ಚಿಕನ್ ಪಾಕ್ಸ್ ಬಂದಾಗ ಹಾಸಿಗೆಗೆ ಎಲೆ ಹಾಸುವುದು, ಗುಣವಾದ ಮೇಲೆ ಎಲೆ ಕುದಿಸಿದ ನೀರಲ್ಲಿ ಮೀಯುವುದು, ತುರಿಕೆಗೆ ಎಲೆ ಸವರುವುದು, ಇವೆಲ್ಲ ಮಾಡಿಕೊಳ್ಳಿ. ಎಲೆ ಬೇಕಾದರೆ ರಾತ್ರಿ ಬಂದರೂ ಕೊಡುತ್ತೇನೆ.

ಸೊಳ್ಳೆಗೆ?

ಒಣ ಎಲೆಯ ಹೊಗೆ ಹಟ್ಟಿಗೆ ಒಳ್ಳೆಯದು. ಮೈಗಾದರೆ ತೆಂಗಿನೆಣ್ಣೆಗೆ ಸ್ವಲ್ಪ ಬೇವಿನೆಣ್ಣೆ ಸೇರಿಸಿ ಹಚ್ಚಬಹುದು. ಬರೀ ಬೇವಿನೆಣ್ಣೆ ಕೆಲವರ ಚರ್ಮಕ್ಕೆ ಉರಿ. ಡೆಂಗಿಯ ಸೊಳ್ಳೆಗೆ ಇದನ್ನು ನಂಬಿ ಕೂರಬೇಡಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿ, ಗೆರಟೆಗಳಲ್ಲಿ ನೀರು ನಿಂತಿರುತ್ತದೆ, ಮೊದಲು ಅದನ್ನು ಕವುಚಿ.

ಬೇವು ರಾತ್ರಿಯೂ ಆಮ್ಲಜನಕ ಕೊಡುತ್ತದಂತೆ?

ಇಲ್ಲ. ಬಿಸಿಲಿಲ್ಲದೆ ಆ ಕೆಲಸ ನಡೆಯುವುದಿಲ್ಲ. ಮರದಡಿ ತಂಪಾಗಿ ಮಲಗಿ, ಅಡ್ಡಿಯಿಲ್ಲ.

ಅಕ್ಕಿ, ಹೆಸರುಕಾಳಿಗೆ ಎಲೆ ಹಾಕಿದರೆ ಹುಳ ಬರುವುದಿಲ್ಲವಾ?

ಕಡಿಮೆ ಬರುತ್ತದೆ. ಎಲೆ ನೆರಳಲ್ಲಿ ಗರಿಗರಿ ಒಣಗಿರಬೇಕು. ಹಸಿ ಎಲೆ ಹಾಕಿದರೆ ನಮ್ಮ ಹವೆಗೆ ಬೂಷ್ಟು ಬರುವುದು ಗ್ಯಾರಂಟಿ. ಬಟ್ಟೆಯಲ್ಲಿ ಕಟ್ಟಿ ಹಾಕಿ, ಇಲ್ಲದಿದ್ದರೆ ಅಕ್ಕಿ ಗೇರುವಾಗ ಮನೆಯವರ ಬಾಯಿಗೆ ಸಿಕ್ಕಿಬೀಳುತ್ತೀರಿ. ಹಳೆಯ ಪುಸ್ತಕದ ನಡುವೆಯೂ ಇಡಬಹುದು.

ಬೇವನ್ನು ಅಮೆರಿಕದವರು ಪೇಟೆಂಟ್ ಮಾಡಿಕೊಂಡಿದ್ದಾರಂತೆ?

ಮರವನ್ನಲ್ಲ. ಬೇವಿನೆಣ್ಣೆಯಿಂದ ಫಂಗಸ್ ತಡೆಯುವ ಒಂದು ವಿಧಾನಕ್ಕೆ ಯುರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಹಕ್ಕು ಕೊಟ್ಟಿತ್ತು. ಪಡೆದವರು ಡಬ್ಲ್ಯು. ಆರ್. ಗ್ರೇಸ್ ಕಂಪೆನಿ ಮತ್ತು ಅಮೆರಿಕದ ಕೃಷಿ ಇಲಾಖೆ. ಭಾರತದಲ್ಲಿ ಇದು ಮೊದಲೇ ಗೊತ್ತಿದ್ದ ವಿದ್ಯೆ ಎಂದು ವಂದನಾ ಶಿವ ಮತ್ತಿತರರು ತಕರಾರು ಹಾಕಿದರು. 2000ದಲ್ಲಿ ಅದು ರದ್ದಾಯಿತು, 2005ರಲ್ಲಿ ಅಪೀಲೂ ಬಿತ್ತು. ಈಗ ನಿಮ್ಮ ಯೂರಿಯಾ ಚೀಲದೊಳಗೇ ಬೇವು ಇದೆ. 2015ರಿಂದ ನಮ್ಮ ದೇಶದ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪಿಸಬೇಕು ಎಂಬ ನಿಯಮ ಬಂತು. ಸಾರಜನಕ ನಿಧಾನಕ್ಕೆ ಬಿಡುಗಡೆ ಆಗಲಿ ಎಂದು.

ವಿಷುವಿಗೆ ಬೇವು-ಬೆಲ್ಲ ತಿನ್ನಬೇಕಾ?

ನಮಗೆ ವಿಷುವಿಗೆ ಬೆಳಿಗ್ಗೆ ಎದ್ದು ಮೊದಲು ನೋಡುವ ಕಣಿ. ಬೇವು-ಬೆಲ್ಲ ಯುಗಾದಿಯದ್ದು. ಗಟ್ಟದ ಮೇಲಿಂದ ಸೊಸೆ ಬಂದ ಮನೆಗಳಲ್ಲಿ ಈಗ ಎರಡೂ ನಡೆಯುತ್ತದೆ. ಯುಗಾದಿಯ ಹಿಂದಿನ ದಿನ ನಮ್ಮ ಮರಕ್ಕೆ ಭಾರೀ ಗೌರವ. ಆ ಹೊತ್ತಿಗೆ ಹೂವೂ ಇರುತ್ತದೆ, ಬಿಳಿ, ಸಣ್ಣದು, ಸಂಜೆ ಅಂಗಳಕ್ಕೆಲ್ಲ ಜೇನಿನ ಪರಿಮಳ. ಕಹಿಯ ಮರಕ್ಕೆ ಅಂಥ ಸಿಹಿ ಪರಿಮಳ ಎಲ್ಲಿಂದ ಬರುತ್ತದೋ. ಗಲ್ಫಿನಲ್ಲಿರುವ ನಮ್ಮೂರವರು ಹಜ್ಜಿಗೆ ಹೋಗಿ ಬಂದು ಹೇಳುವುದುಂಟು, ಅರಫಾತ್ ಬಯಲಿನಲ್ಲೂ ಇದೇ ಮರದ ನೆರಳು ಎಂದು. ಅಲ್ಲಿ ಸುಮಾರು 50 ಸಾವಿರ ಬೇವು ನೆಟ್ಟಿದ್ದಾರೆ. ಮಳೆ ಬಾರದ ಊರಲ್ಲಿ ಅದು ಮೆರೆಯುತ್ತದೆ.

ಮರ ಬಾಗಿಲಿಗೆ ಆಗುತ್ತದಾ?

ಆಗುತ್ತದೆ. ಗೆದ್ದಲು ಅಷ್ಟು ಬೇಗ ಹಿಡಿಯುವುದಿಲ್ಲ. ಚೆನ್ನಾಗಿ ಒಣಗಿಸದಿದ್ದರೆ ತಿರುಚುತ್ತದೆ.

ಸಸಿ ನಿಮ್ಮಲ್ಲಿ ಸಿಗುತ್ತದಾ?

ಮರದಡಿ ಹುಟ್ಟಿದ್ದನ್ನು ತೊಟ್ಟೆಗೆ ಹಾಕಿಡುತ್ತೇನೆ, ವರ್ಷಕ್ಕೆ ಹತ್ತು ಹನ್ನೆರಡು ಇರುತ್ತದೆ. ದುಡ್ಡು ಬೇಡ. ಎಲ್ಲಿ ನೆಡುತ್ತೀರಿ ಎಂದು ಕೇಳುತ್ತೇನೆ. ತೋಟದ ಬದಿ, ಕೈಗೆ ನೀರು ಸಿಗುವಲ್ಲಿ ಎಂದರೆ ಕೊಡುವುದಿಲ್ಲ.